ಸಿಸ್ಟರಮ್ಮ ಮತ್ತು ಫ್ರಿಜ್ಜಿನ ಬಾಗಿಲು

ಸತ್ತವರನ್ನೆಲ್ಲ ದೇವರು ಮಾಡಿ ಕೂರಿಸುವ ಅಭ್ಯಾಸ ನನಗಿಲ್ಲ. ಈಕೆಯಂತೂ ಬದುಕಿದ್ದಷ್ಟು ಕಾಲ ನನ್ನ ಜೀವ ತಿಂದವರು. ಮಧ್ಯಾಹ್ನ ಊಟಕ್ಕೆ ಕೂತರೆ ಪಕ್ಕದ ಔಷಧಿ ಅಂಗಡಿಗೆ ಫೋನು ಬರುತ್ತಿತ್ತು. ಅವರು ಕೂಗಿ ಕರೆಯುತ್ತಿದ್ದರು. ಎಂಜಲು ಕೈಯಲ್ಲೇ ಓಡಿಹೋಗಿ ಕಿವಿಗಿಟ್ಟುಕೊಂಡರೆ ಆ ಕಡೆಯಿಂದ ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ. ಬಾಗಿಲು ಸರಿಯಾಗಿ ಕೂರ್ತಾ ಇಲ್ಲ, ಬನ್ನಿ ಎನ್ನುವುದೊಂದೇ ಮಾತು. ನಾನು ಬಸ್ಸು ಹತ್ತಿ, ಕುಲುಕಿಸಿಕೊಂಡು ಹೋಗಿ ನೋಡಿದರೆ ಬಾಗಿಲು ಗುಂಡುಕಲ್ಲಿನ ಹಾಗೆ ಕೂತಿರುತ್ತಿತ್ತು.

ಆಕೆಯ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಹೊಸನಗರದ ಕಡೆಯ ಒಂದು ಸಣ್ಣ ಆಸ್ಪತ್ರೆಯ ನರ್ಸ್ ಎಂದರೆ ಸಾಕು. ಊರಿನವರು ಸಿಸ್ಟರಮ್ಮ ಎನ್ನುತ್ತಿದ್ದರು, ನಾನು ಸಿಸ್ಟರ್ ಎನ್ನುತ್ತಿದ್ದೆ. ಒಬ್ಬ ತಾಯಿಗೆ ಒಂದು ವಿಷಯ ತಿಳಿಯಬಾರದು ಎಂದು ಈಕೆ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಬದುಕಿದರು. ಆ ತಾಯಿಯೂ ಈಗಿಲ್ಲ. ತಾಯಿಯ ಮಗನಿಗೆ ಕಳೆದ ವರ್ಷ ನಾನೇ ಎಲ್ಲವನ್ನೂ ಹೇಳಿದೆ. ಅವನು, ಹೆಸರು ಹಾಕದೆ ಬರೆಯಿರಿ ಎಂದ. ಹಾಗಾಗಿ ಇಲ್ಲಿ ಬರುವ ಗೌರಮ್ಮ, ಮಂಜು ಎಂಬ ಹೆಸರುಗಳು ನಾನಿಟ್ಟವು.

ಆಗ ಸಾಗರದಲ್ಲಿ ಫ್ರಿಜ್ ರಿಪೇರಿ ಮಾಡುವ ಅಂಗಡಿ ನನ್ನದೊಂದೇ ಇತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸೇರಿಸಿದರೂ ಫ್ರಿಜ್ಜುಗಳು ಎಷ್ಟು ಮಹಾ ಇದ್ದವು? ಆಸ್ಪತ್ರೆಗಳು, ದನದ ಆಸ್ಪತ್ರೆಗಳು, ಕಲರ್ ಸೋಡಾ ಅಂಗಡಿಗಳು, ಅಡಿಕೆ ಮಂಡಿಯ ಕೆಲವು ಸಾಹುಕಾರರ ಮನೆಗಳು, ಅಷ್ಟೇ. ಬಿಡಿಭಾಗ ಬೇಕೆಂದರೆ ಬೆಂಗಳೂರಿಗೆ ಬರೆದು, ತಾಳಗುಪ್ಪದ ರೈಲಿನಲ್ಲಿ ಬರುವ ತನಕ ಕಾಯಬೇಕು. ಅಷ್ಟರಲ್ಲಿ ಗಿರಾಕಿಗಳು ನನ್ನ ವಂಶವನ್ನೆಲ್ಲ ಜಾಲಾಡಿರುತ್ತಿದ್ದರು. ನನಗೂ ಬಾಯಿ ಇತ್ತು, ನಾನೂ ಬಿಡುತ್ತಿರಲಿಲ್ಲ. ಈ ಸಿಸ್ಟರ್ ಎದುರು ಮಾತ್ರ ನನ್ನ ಬಾಯಿ ನಡೆಯುತ್ತಿರಲಿಲ್ಲ.

ಕುಳ್ಳಗೆ, ತೆಳ್ಳಗೆ ಇದ್ದರು. ಕರಾವಳಿಯ ಕಡೆಯ ಕ್ರೈಸ್ತರು. ಮದುವೆಯಾಗಿರಲಿಲ್ಲ. ಅವರ ತಂಗಿ ತೀರ್ಥಹಳ್ಳಿಯಲ್ಲಿ ಟೀಚರಾಗಿದ್ದರು, ಬಂಧುಬಳಗವೆಂದರೆ ಅವರೊಬ್ಬರೇ. ಮಾತು ಕಡಿಮೆ, ಆದರೆ ಆಡಿದ್ದು ನೆಟ್ಟಗೆ ಬಂದು ತಾಗುತ್ತಿತ್ತು. ಪೋಲಿಯೋ ಹನಿ ಹಾಕಿಸಲು ಮಗುವನ್ನು ತಂದವಳು ಅದರ ಕಣ್ಣಿಗೆ ಕಾಡಿಗೆ ತುಂಬಿದ್ದರೆ, “ಮಗೂಗೆ ಹಾಕಿದ್ದೋ, ಒಲೆಗೆ ಹಾಕಿದ್ದೋ?” ಎನ್ನುತ್ತಿದ್ದರು. ಅವಳು ನಾಚಿ ನಗುವಷ್ಟರಲ್ಲಿ ಮಗುವಿನ ಬಾಯಿಗೆ ಹನಿ ಬಿದ್ದಾಗಿರುತ್ತಿತ್ತು.

ಔಷಧಿ ತರಲು ತಿಂಗಳಿಗೊಮ್ಮೆ ಅವರೇ ಶಿವಮೊಗ್ಗಕ್ಕೆ ಹೋಗುತ್ತಿದ್ದರು. ವಾಪಸು ಬರುವಾಗ ಐಸು ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ಅದರ ಮುಚ್ಚಳದ ಮೇಲಿಟ್ಟು ಕೂರುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಾಲಿಡಲೂ ಜಾಗವಿರಲಿಲ್ಲ. ಕಂಡಕ್ಟರು ಒಳ್ಳೆಯ ಮನಸ್ಸಿನಿಂದಲೇ ಡಬ್ಬಿಯನ್ನು ಎಂಜಿನ್ ಬಾನೆಟ್ಟಿನ ಮೇಲಿಡಿ ಸಿಸ್ಟರೇ, ಭಾರ ಯಾಕೆ ಹೊರುತ್ತೀರಿ ಎಂದ. ಅದಕ್ಕೆ ಅವರು, ನಿನ್ನ ತಲೆಯನ್ನೂ ಅಲ್ಲೇ ಇಡು, ಎರಡೂ ಒಟ್ಟಿಗೆ ಬೇಯಲಿ ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಅವರು ನಗಲಿಲ್ಲ. ದಾರಿಯುದ್ದಕ್ಕೂ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಲೇ ಇದ್ದರು.

ಆ ಒತ್ತಿ ನೋಡುವ ಚಟ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಯಾವತ್ತಿನಿಂದ ಶುರುವಾಯಿತು ಎಂದು ನನಗೆ ಗೊತ್ತು, ಯಾಕೆಂದರೆ ಅವತ್ತು ನಾನು ಅಲ್ಲಿದ್ದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ಆಯುಧಪೂಜೆ, ವಿಜಯದಶಮಿ, ಅದರ ಬೆನ್ನಿಗೆ ಭಾನುವಾರ ಬಂದು ಆಸ್ಪತ್ರೆಗೆ ಸಾಲು ರಜೆ. ರಜೆ ಮುಗಿದ ಮಾರನೇ ದಿನ ಸಿಸ್ಟರ್ ಫೋನು ಮಾಡಿದರು. ನನಗೆ ಬಂದ ಅವರ ಮೊದಲ ಕರೆ ಅದು. ಫ್ರಿಜ್ಜಿನ ಮೋಟರು ನಿಲ್ಲದೆ ಓಡುತ್ತಿದೆ, ಹಿಂಭಾಗ ಮುಟ್ಟಿದರೆ ಕೈ ಸುಡುತ್ತಿದೆ, ನಾಳೆ ಬೆಳಿಗ್ಗೆಯೇ ಬನ್ನಿ ಎಂದರು. ಹೋದೆ. ಬಿಳಿ ಬಣ್ಣದ, ಹಿಡಿಕೆ ತಿರುಗಿಸಿ ಹಾಕುವ ಹಳೇ ಕಾಲದ ಫ್ರಿಜ್ಜು. ಫ್ರಿಜ್ಜಿನ ರೋಗ ಹುಡುಕುವಾಗ ನಾನು ಮೊದಲು ನೋಡುವುದು ಬಾಗಿಲಿನ ರಬ್ಬರು. ಒಂದು ಬಸ್ ಟಿಕೇಟನ್ನು ಬಾಗಿಲ ಸಂದಿಗೆ ಇಟ್ಟು ಮುಚ್ಚಿ ಎಳೆಯಬೇಕು. ಬಿಗಿ ಇದ್ದರೆ ಟಿಕೇಟು ಹರಿಯುತ್ತದೆ, ಸಡಿಲಿದ್ದರೆ ಜಾರಿ ಬರುತ್ತದೆ. ಅಲ್ಲಿ ಮೂರು ಕಡೆ ಬಿಗಿ ಇತ್ತು. ಕೆಳಮೂಲೆಯಲ್ಲಿ ಮಾತ್ರ ಟಿಕೇಟು ಬೆಣ್ಣೆಯಲ್ಲಿ ಎಳೆದ ಹಾಗೆ ಬಂತು. ಬಗ್ಗಿ ನೋಡಿದರೆ ರಬ್ಬರಿನ ಮಡಿಕೆಯೊಳಗೆ ಎಂತದೋ ಸಿಕ್ಕಿಕೊಂಡಿತ್ತು. ಸ್ಕ್ರೂಡ್ರೈವರಿನಲ್ಲಿ ಕೆದಕಿ ತೆಗೆದೆ. ಬಾಳೆನಾರು. ಅದಕ್ಕೆ ಕೊಳೆತ ಚೆಂಡುಹೂವಿನ ತೊಟ್ಟುಗಳು ಅಂಟಿಕೊಂಡಿದ್ದವು.

ನಮ್ಮ ಕಡೆ ಆಯುಧಪೂಜೆ ಎಂದರೆ ಕತ್ತಿಯಿಂದ ಹಿಡಿದು ಹಾರೆ, ಸೈಕಲ್ಲು, ಜೀಪಿನ ತನಕ ಎಲ್ಲಕ್ಕೂ ಕುಂಕುಮ, ಹೂವು. ಆಸ್ಪತ್ರೆಯೇನು ಅದಕ್ಕೆ ಹೊರತೇ? ಸೂಜಿ ಬೇಯಿಸುವ ಸ್ಟೌವಿಗೂ ಪೂಜೆಯಾಗುತ್ತಿತ್ತು. ಆದರೆ ಫ್ರಿಜ್ಜಿನ ಮೈ ನುಣ್ಣಗೆ ಇರುತ್ತದೆ, ಹಾರ ಸಿಕ್ಕಿಸಲು ಒಂದು ಮೊಳೆಯಿಲ್ಲ. ಪೂಜೆ ಮಾಡಿದವರು ಹಾರದ ತುದಿಗಳನ್ನು ಬಾಗಿಲ ಸಂದಿಗೆ ಸಿಕ್ಕಿಸಿ, ಜಾರದ ಹಾಗೆ ಒತ್ತಿ ಮುಚ್ಚಿದ್ದರು. ಮಾರನೇ ದಿನ ಬಾಡಿದ ಹಾರವನ್ನು ಯಾರೋ ಕಿತ್ತು ತೆಗೆದಿದ್ದಾರೆ. ಹೊರಗಿನದ್ದು ಹೋಯಿತು, ಸಂದಿಯಲ್ಲಿದ್ದ ತುದಿ ಒಳಗೇ ಉಳಿಯಿತು. ನೋಡಿದವರಿಗೆ ಬಾಗಿಲು ಮುಚ್ಚಿದ ಹಾಗೇ ಕಾಣುತ್ತದೆ. ಒಳಗೆ ಬಿಸಿಗಾಳಿ ನುಗ್ಗುತ್ತಲೇ ಇರುತ್ತದೆ.

ಪೂಜೆ ಜೋರಾಗಿಯೇ ಆಗಿದೆ ಸಿಸ್ಟರ್ ಎಂದು ನಗುತ್ತ ಆ ನಾರನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ನೋಡಿ ಮುಷ್ಟಿ ಮುಚ್ಚಿಕೊಂಡರು. ಅಷ್ಟರಲ್ಲಿ ಆಸ್ಪತ್ರೆಯ ಆಯಾ ಗೌರಮ್ಮ ನನಗೆ ಟೀ ತಂದಳು. ಗೌರಮ್ಮ ಹಳ್ಳಿಯ ಗಟ್ಟಿ ಹೆಂಗಸು, ನಗು ಜಾಸ್ತಿ. ಎಂತ ಆಗಿತ್ತು ಅಣ್ಣ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್, ಏನಿಲ್ಲ, ರಬ್ಬರು ಹಳೇದಾಗಿದೆ ಅಂತೆ ಎಂದರು. ಅವರ ಮುಷ್ಟಿ ಬಿಳಿಚಿಕೊಂಡಿತ್ತು. ನನಗೆ ಆಗ ಇದರ ತಲೆಬುಡ ತಿಳಿಯಲಿಲ್ಲ. ಟೀ ಕುಡಿದು ಬಂದೆ.

ನಾನು ಹೋಗುವ ಹಿಂದಿನ ದಿನ ಬೆಳಿಗ್ಗೆ ಅವರು ಮಕ್ಕಳಿಗೆ ಪೋಲಿಯೋ ಹನಿ ಹಾಕಿದ್ದರು. ಮೋಟರು ಜೋರಾಗಿ ಓಡುತ್ತಿದೆಯಲ್ಲ, ತಂಪು ಚೆನ್ನಾಗಿದೆ ಎಂದೇ ಎಲ್ಲರ ಎಣಿಕೆ. ಮಧ್ಯಾಹ್ನ ಫ್ರಿಜ್ಜಿನ ಮೈ ಮುಟ್ಟಿದಾಗಲೇ ಅವರಿಗೆ ಅನುಮಾನ ಬಂದದ್ದು. ನಾನು ನಾರು ತೆಗೆದುಕೊಟ್ಟ ದಿನವೇ ಬಿಸಿಗೆ ಶಕ್ತಿ ಕಳೆದುಕೊಂಡ ಔಷಧಿಯನ್ನೆಲ್ಲ ಚೆಲ್ಲಿ, ಡಾಕ್ಟರಿಗೆ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ ಎಂದಷ್ಟೇ ಹೇಳಿ ಬೈಸಿಕೊಂಡಿದ್ದರು. ಆಮೇಲೆ ಮನೆಮನೆಗೆ ಹೋಗಿ, ಹೊಸ ಔಷಧಿ ಬಂದ ಕೂಡಲೇ ಇನ್ನೊಂದು ಸಲ ಹಾಕಿಸಬೇಕು ಎಂದು ಕಾರಣ ಹೇಳದೆ ತಾಯಂದಿರಿಗೆ ತಿಳಿಸಿ ಬಂದಿದ್ದರು. ಶಿವಮೊಗ್ಗದಲ್ಲೂ ಔಷಧಿ ಮುಗಿದಿತ್ತಂತೆ, ಬರುವುದು ತಡವಾಯಿತು. ಅಷ್ಟರಲ್ಲಿ ಆ ಮಕ್ಕಳಲ್ಲಿ ಒಂದಕ್ಕೆ ಜ್ವರ ಬಂತು. ಜ್ವರ ಬಿಟ್ಟಿತು, ಬಲಗಾಲು ಮಾತ್ರ ಏಳಲಿಲ್ಲ. ಆ ಮಗು ಗೌರಮ್ಮನ ಮಗ ಮಂಜು.

ಇದನ್ನು ಸಿಸ್ಟರ್ ನನಗೆ ಹೇಳಿದ್ದು ಮುಂದಿನ ಮಳೆಗಾಲದಲ್ಲಿ. ಫ್ರಿಜ್ಜಿನ ನೆಪದಲ್ಲಿ ಕರೆಸಿದರು. ನಾನು ಬಾಗಿಲು ಪರೀಕ್ಷಿಸಿ ಏನೂ ಆಗಿಲ್ಲ ಎಂದೆ. ಆಗ ಅವರು ಹೊರಗೆ ಯಾರೂ ಇಲ್ಲವೆಂದು ನೋಡಿ, ಆ ನಾರಿನ ವಿಷಯ ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದರು. ನಾರಿನ ಪುರಾಣ ಹೇಳಿಕೊಂಡು ತಿರುಗಲು ನನಗೇನು ಬೇರೆ ಕೆಲಸವಿಲ್ಲವೇ ಎಂದೆ. ಅವರು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದರು. ಅವತ್ತು ಪೂಜೆ ಮಾಡಿದ್ದು ಗೌರಮ್ಮ. ಹಾರ ಕಟ್ಟಿದ್ದು, ತುದಿ ಸಿಕ್ಕಿಸಿದ್ದು ಎಲ್ಲ ಅವಳೇ.

“ನಾನೂ ಅಲ್ಲೇ ನಿಂತಿದ್ದೆ. ಚೆಂದ ಕಾಣ್ತದೆ ಗೌರಮ್ಮ ಅಂತ ಹೇಳಿದ್ದೆ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದೆ,” ಎಂದರು.

ಹಾರದಿಂದಲೇ ಹೀಗಾಯಿತು ಅಂತ ಹೇಳಲಿಕ್ಕೆ ಬರುತ್ತದಾ ಎಂದು ಕೇಳಿದೆ. ಬರುವುದಿಲ್ಲ, ಹಾರದ ಮಾತೆತ್ತದೆ ಕೇಳಿದಾಗ ಡಾಕ್ಟರೂ ಹಾಗೇ ಹೇಳಿದರು ಎಂದರು. ಒಳ್ಳೆಯ ಹನಿ ಬಿದ್ದ ಮಕ್ಕಳಿಗೂ ಒಮ್ಮೊಮ್ಮೆ ಆ ರೋಗ ಬರುತ್ತದಂತೆ. ಬಾಗಿಲು ಸರಿಯಾಗಿ ಮುಚ್ಚಿದ್ದರೂ ಮಂಜುಗೆ ಬರಬಹುದಿತ್ತಂತೆ. ಹಾಗಾದರೆ ಗೌರಮ್ಮನಿಗೆ ಹೇಳಿದರೆ ಏನು ಎಂದು ನಾನು ದಡ್ಡನ ಹಾಗೆ ಕೇಳಿದೆ. ಅವರು ನನ್ನನ್ನೇ ನೋಡಿದರು. “ನಾನೇ ರಾತ್ರಿ ನಿದ್ದೆ ಮಾಡ್ತಾ ಇಲ್ಲ. ನಾನು ಹೆತ್ತವಳಲ್ಲ. ಅವಳು ಹೆತ್ತವಳು,” ಎಂದರು.

ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಕೊಡಬಾರದಿತ್ತು ಎಂದು ಆಮೇಲೆ ಎಷ್ಟು ಸಲ ಅನ್ನಿಸಿದೆಯೋ, ಕೊಟ್ಟದ್ದೇ ಸರಿ ಎಂದು ಅಷ್ಟೇ ಸಲ ಅನ್ನಿಸಿದೆ.

ಅಲ್ಲಿಂದ ಮುಂದೆ ನಾನು ಕಂಡದ್ದು ಬೇರೆಯೇ ಹೆಂಗಸು. ಯಾವ ಬಾಗಿಲ ಪಕ್ಕ ಹಾದರೂ ಅಂಗೈ ಬುಡದಿಂದ ಒಮ್ಮೆ ಒತ್ತುತ್ತಿದ್ದರು. ಕಪಾಟಾಗಲಿ, ಕಿಟಕಿಯಾಗಲಿ, ಬಸ್ಸಿನ ಬಾಗಿಲಾಗಲಿ ಬಿಡುತ್ತಿರಲಿಲ್ಲ. ನನ್ನ ಅಂಗಡಿಗೆ ಬಂದರೆ ಕೆಟ್ಟು ನಿಂತ ಖಾಲಿ ಫ್ರಿಜ್ಜುಗಳ ಬಾಗಿಲನ್ನೂ ಬಿಡುತ್ತಿರಲಿಲ್ಲ. ಅದಕ್ಕೆ ಕರೆಂಟೇ ಇಲ್ಲ ಸಿಸ್ಟರ್ ಎಂದರೆ, “ಮುಚ್ಚಿದೆ ಅಂದ್ಕೊಳ್ಳೋದು ಬೇರೆ, ಮುಚ್ಚಿರೋದು ಬೇರೆ,” ಎನ್ನುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಮಲಗಿದ್ದರೂ ಆಸ್ಪತ್ರೆಯ ಮೋಟರಿನ ಸದ್ದು ಕೇಳುತ್ತದೆ ಎಂದು ಒಮ್ಮೆ ಹೇಳಿದ್ದರು. ಮಧ್ಯೆ ಅಷ್ಟು ದೊಡ್ಡ ಅಂಗಳವಿದೆ, ಕೇಳುವ ಮಾತೇ ಇಲ್ಲ. ಅದನ್ನು ಹೇಳಿದೆ. ನಿಮಗೆ ಕೇಳಲ್ಲ ಎಂದರು.

ಮಳೆಗಾಲ ಮುಗಿದು ಮತ್ತೆ ಆಯುಧಪೂಜೆ ಬಂದಾಗ ಫ್ರಿಜ್ಜಿಗೆ ಯಾರೂ ಹೂವು ಮುಡಿಸುವ ಹಾಗಿಲ್ಲ, ಕುಂಕುಮವನ್ನೂ ಹಚ್ಚುವ ಹಾಗಿಲ್ಲ ಎಂದುಬಿಟ್ಟರು. ಊರಿನವರು ಬಿಡುತ್ತಾರೆಯೇ? ಅವರ ಜಾತಿ ಬೇರೆ ನೋಡಿ, ನಮ್ಮ ದೇವರು ಕಂಡರೆ ಆಗುವುದಿಲ್ಲ ಎಂದು ಪಿಸುಗುಟ್ಟತೊಡಗಿದರು. ಸೋಡಾ ಅಂಗಡಿಯವನೊಬ್ಬ ನನ್ನೆದುರೇ ಹಾಗೆಂದ. ನನಗೆ ಮೈಯೆಲ್ಲ ಉರಿದು, ಅವನ ಫ್ರಿಜ್ಜನ್ನು ಬಿಚ್ಚಿದಲ್ಲೇ ಬಿಟ್ಟು ಎದ್ದು ಬಂದೆ. ಸಿಸ್ಟರಿಗೆ ವಿಷಯ ಹೇಳಿ, ಕಾರಣ ಹೇಳಿಬಿಡಲಾ ಎಂದೆ. ಯಾವ ಕಾರಣ, ಅವರು ಹೇಳುವುದೇ ಕಾರಣ ಎಂದು ಇಟ್ಟುಕೊಳ್ಳಿ ಎಂದರು. ಅದೇ ಹೆಂಗಸು ಗೌರಮ್ಮನ ಮನೆಯ ಚೌತಿಗೆ ಹೋಗಿ ನೆಲದಲ್ಲಿ ಕೂತು ಕಡುಬು ತಿಂದು ಬರುತ್ತಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗೌರಮ್ಮನ ಗಂಡ ಮರದ ಲೋಡಿಂಗ್ ಕೆಲಸಕ್ಕೆ ಹೋದವನು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮಂಜುವನ್ನು ಮಂಗಳೂರಿಗೆ ಎತ್ತಿಕೊಂಡು ಹೋಗಿ ಕಾಲಿಗೆ ಕಬ್ಬಿಣದ ಪಟ್ಟಿ ಮಾಡಿಸಿದ್ದು ಸಿಸ್ಟರ್. ಎಣ್ಣೆ ಹಚ್ಚಿ ಕಾಲು ತಿಕ್ಕಿದ್ದು, ಅಕ್ಷರ ಕಲಿಸಿದ್ದು, ಶಾಲೆಗೆ ಸೇರಿಸಿದ್ದು ಎಲ್ಲ ಅವರೇ. ಭಾನುವಾರದ ಊಟ ಗೌರಮ್ಮನ ಮನೆಯಲ್ಲಿ. ಬಿಸಿ ಗಂಜಿ, ಸುಟ್ಟ ಮೀನು, ಎಳೆಬಿದಿರಿನ ಕಳಲೆ ಪಲ್ಯ. ಮಂಜು ಅವರ ತೊಡೆಯ ಮೇಲೇ ಬೆಳೆದ. ಅವರನ್ನು ಗೌರಮ್ಮ ಅಕ್ಕೋರು ಎನ್ನುತ್ತಿದ್ದಳು. ಯಾವ ಜನ್ಮದ ಋಣವೋ ಅಕ್ಕೋರದ್ದು, ನನ್ನ ಒಡಹುಟ್ಟಿದವರೂ ಹೀಗೆ ಮಾಡುತ್ತಿರಲಿಲ್ಲ ಎಂದು ನನ್ನೆದುರೇ ಒಮ್ಮೆ ಹಾಡಿ ಹೊಗಳಿದಳು. ಸಿಸ್ಟರ್ ಎದ್ದು ಹಿತ್ತಲಿಗೆ ಹೋದರು. ಅವರಿಗೆ ಹೊಗಳಿಕೆ ಆಗುವುದಿಲ್ಲ, ನಾಚಿಕೆ ಎಂದು ಗೌರಮ್ಮ ನಕ್ಕಳು. ನಾನು ತಲೆ ಬಗ್ಗಿಸಿ ಗಂಜಿ ಉಂಡೆ.

ಎಂಬತ್ತರ ದಶಕದ ನಡುವಿನಲ್ಲಿ ಆಸ್ಪತ್ರೆಗೆ ಹೊಸ ಫ್ರಿಜ್ಜು ಬಂತು. ದೊಡ್ಡದು, ವಿದೇಶದ ಮಾಲು. ಅದರ ಹಣೆಯಲ್ಲಿ ಒಂದು ಕೆಂಪು ದೀಪ. ದೀಪ ಒಂದು ಸಲ ಮಿನುಗಿ ನಿಂತರೆ ಕರೆಂಟಿನ ತೊಂದರೆ, ಎರಡೆರಡು ಸಲ ಮಿನುಗಿದರೆ ಬಾಗಿಲು ತೆರೆದಿದೆ ಎಂದು ಅರ್ಥ. ಸ್ವಲ್ಪ ಹೊತ್ತು ನೋಡಿ ಅದೇ ಗಂಟೆ ಬಾರಿಸುತ್ತಿತ್ತು. ಶಿವಮೊಗ್ಗದಿಂದ ಬಂದ ಅಧಿಕಾರಿ ಆಸ್ಪತ್ರೆಯ ಮಂದಿಯನ್ನೆಲ್ಲ ಕೂರಿಸಿ ಪಾಠ ಹೇಳಿ ಹೋದರು. ಸಿಸ್ಟರಿಗೆ ಇನ್ನಾದರೂ ನೆಮ್ಮದಿ, ಜೊತೆಗೆ ನನಗೂ ನೆಮ್ಮದಿ ಎಂದುಕೊಂಡೆ. ಎಲ್ಲಿಯ ನೆಮ್ಮದಿ! ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಫೋನು. ಬಾಗಿಲು ಹಾಕಿದ್ದರೂ ದೀಪ ಎರಡೆರಡು ಸಲ ಮಿನುಗುತ್ತದೆ ಎಂದರು.

ಹೋದೆ. ಟಿಕೇಟು ಇಟ್ಟು ಎಳೆದೆ. ಸುತ್ತಲೂ ಬಿಗಿ. ರಬ್ಬರನ್ನು ಸೋಪಿನ ನೀರಿನಲ್ಲಿ ಒರೆಸಿದೆ. ನೆಲ ವಾಲಿದೆಯೇನೋ ಎಂದು ಕಾಲಿನ ತಿರುಪು ತಿರುಗಿಸಿ ಸಮ ಮಾಡಿದೆ. ಒಳಗಿನ ತಟ್ಟೆ ಬಾಗಿಲಿಗೆ ತಾಗುತ್ತಿದೆಯೇ ಎಂದು ಹಿಂದಕ್ಕೆ ತಳ್ಳಿದೆ. ಅವತ್ತು ಸುಮ್ಮನಿದ್ದ ದೀಪ ವಾರ ಕಳೆದು ಮತ್ತೆ ಮಿನುಗಿತು. ಮತ್ತೆ ಹೋದೆ. ಮಳೆಗಾಲದ ಥಂಡಿಗೆ ವೈರಿನ ತುದಿ ಹಸಿರುಗಟ್ಟಿರಬೇಕು ಎಂದು ಉಜ್ಜಿದೆ. ಮತ್ತೆ ಮಿನುಗಿತು. ನನಗೆ ತಲೆ ಕೆಟ್ಟಿತು. ಮುಂದಿನ ಸಲ ಹೋದಾಗ ಏನೂ ಮಾಡದೆ, ಆ ಕೋಣೆಯಲ್ಲೇ ಒಂದು ಮೂಲೆಯಲ್ಲಿ ಕೂತು ನೋಡತೊಡಗಿದೆ.

ಸಿಸ್ಟರ್ ಒಳಗೆ ಬಂದರು. ಬಾಗಿಲು ತೆರೆದರು. ಏನೂ ತೆಗೆದುಕೊಳ್ಳಲಿಲ್ಲ. ಮುಚ್ಚಿದರು, ಒತ್ತಿದರು, ಹೋದರು. ಒಬ್ಬರಿಗೆ ಸೂಜಿ ಹಾಕಿ ಬಂದವರು ಮತ್ತೆ ತೆರೆದರು, ಮುಚ್ಚಿದರು. ಬಾಗಿಲು ಮುಚ್ಚಿದೆಯೇ ಎಂದು ತಿಳಿಯಲು ಅವರು ಅದನ್ನು ತೆರೆದು ನೋಡುತ್ತಿದ್ದರು! ದಿನವಿಡೀ ಇದೇ ಕೆಲಸ. ಬಾಗಿಲ ಚೌಕಟ್ಟಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಸ್ವಿಚ್ಚಿರುತ್ತದೆ. ಬಾಗಿಲು ಮುಚ್ಚಿದಾಗ ಅದು ಒಳಗೆ ಕೂರಬೇಕು, ಆಗಲೇ ದೀಪ ಆರುವುದು. ತೆರೆದು ಮುಚ್ಚಿ ತೆರೆದು ಮುಚ್ಚಿ ಅದರ ತುದಿ ಸವೆದುಹೋಗಿತ್ತು, ಮುಚ್ಚಿದರೂ ಪೂರ್ತಿ ಒಳಗೆ ಕೂರುತ್ತಿರಲಿಲ್ಲ. ಅದನ್ನು ಹೇಳಿದೆ. ಅವರು ಮಕ್ಕಳ ಹಾಗೆ ಮುಖ ಸಣ್ಣ ಮಾಡಿಕೊಂಡು, “ನನ್ನ ಕೈ ಕೇಳೋದಿಲ್ಲ ಮಾರಾಯ್ರೆ,” ಎಂದರು. ನನಗೆ ಬಂದಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬೆಂಗಳೂರಿನಿಂದ ಹೊಸ ಸ್ವಿಚ್ಚು ತರಿಸುತ್ತೇನೆ, ನೀವು ಮಾತ್ರ ದಿನಕ್ಕೆ ಎರಡೇ ಸಲ ತೆಗೆಯಬೇಕು ಎಂದು ಆಣೆ ಹಾಕಿಸಿಕೊಂಡೆ.

ಸ್ವಿಚ್ಚು ಬಂತು. ಹಾಕುತ್ತ ಕೂತಿದ್ದೆ. ಸಿಸ್ಟರ್ ಪಕ್ಕದಲ್ಲಿ ನಿಂತಿದ್ದರು. ಗೌರಮ್ಮ ನೆಲ ಒರೆಸುತ್ತಿದ್ದವಳು ಬಟ್ಟೆ ಹಿಂಡಿ ಬಕೆಟ್ಟಿನ ಮೇಲಿಟ್ಟು, ದೀಪ ಮಿನುಗುವುದನ್ನೇ ನೋಡಿದಳು.

“ಅಣ್ಣ, ಬಾಗ್ಲು ಒಂಚೂರು ಬಿಟ್ಕೊಂಡಿದ್ರೂ ಹನಿ ಬರೀ ನೀರಾಗ್ತದಂತೆ. ಶಿವಮೊಗ್ಗದೋರು ಹೇಳಿದ್ರು. ಹೌದಾ?”

ಎಷ್ಟು ಹೊತ್ತು ಎನ್ನುವುದರ ಮೇಲೆ ಹೋಗುತ್ತದೆ ಎಂದೆ. ಅವಳು ಸುಮ್ಮನಾಗಲಿಲ್ಲ. ಬಹಳ ದಿನದಿಂದ ಒಳಗೇ ಅರೆಯುತ್ತಿದ್ದ ಹಾಗೆ ಕಂಡಿತು.

“ಮಂಜಂಗೆ ಹನಿ ಹಾಕ್ಸಿದ ಮಾರನೇ ದಿನ ನೀನು ಬಂದಿದ್ದೆ. ನಿಂಗೆ ಟೀ ಕೊಟ್ಟಿದ್ದು ನಾನೇ. ಅವತ್ತು ಆ ಹಳೇ ಫ್ರಿಜ್ಜಿನ ಬಾಗ್ಲಲ್ಲಿ ಎಂತ ಸಿಕ್ಕಿತ್ತು ಅಣ್ಣ?”

ಇನ್ನೊಂದು ಮಾತು ಮುಂದೆ ಹೋದರೆ ಅವಳಿಗೇ ಹೊಳೆಯುತ್ತಿತ್ತು. ಪೂಜೆಯ ದಿನ ನೆನಪಾಗುತ್ತಿತ್ತು, ಹಾರದ ತುದಿ ನೆನಪಾಗುತ್ತಿತ್ತು. ಅಷ್ಟರಲ್ಲಿ ಸಿಸ್ಟರ್ ಮುಂದೆ ಬಂದು ನಿಂತರು.

“ಅವರನ್ನ ಯಾಕೆ ಕೇಳ್ತೀಯ, ನನ್ನ ಕೇಳು. ಎಂತದೂ ಸಿಕ್ಕಿರ್ಲಿಲ್ಲ. ಊರಿಗೆ ಹೋಗೋ ಮೊದ್ಲು ನಾನು ಫ್ರಿಜ್ ತೆಗೆದಿದ್ದೆ. ಬಸ್ಸು ತಪ್ಪುತ್ತೆ ಅಂತ ಗಡಿಬಿಡೀಲಿ ತಳ್ಳಿ ಹೋದೆ. ಬಾಗಿಲು ಕೂತಿರ್ಲಿಲ್ಲ. ಅದೇ ಔಷಧೀನೇ ಮಂಜುಗೆ ಹಾಕಿದ್ದು.”

ಗೌರಮ್ಮ ನನ್ನ ಮುಖ ನೋಡಿದಳು. ನಾನು ಸ್ವಿಚ್ಚು ನೋಡಿದೆ. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ನನ್ನ ಮಗನ ಕಾಲು ತೆಗೆದು, ನಮ್ಮನೆ ಗಂಜಿ ಉಂಡ್ರಾ ಅಕ್ಕೋರೆ?” ಎಂದಳು. “ಇನ್ಮೇಲೆ ನಮ್ಮನೆ ಕಡೆ ಬರ್ಬೇಡಿ.”

ಬಕೆಟ್ಟು ಅಲ್ಲೇ ಬಿಟ್ಟು ಹೊರಟುಹೋದಳು. ನಾನು ಸಿಸ್ಟರಿಗೆ ಬಾಯಿಗೆ ಬಂದ ಹಾಗೆ ಬೈದೆ. ನಿಮಗೆ ಹುಚ್ಚೇ, ರಬ್ಬರು ಹಳೆಯದು ಎಂದರೆ ಆಗುತ್ತಿರಲಿಲ್ಲವೇ, ಅವತ್ತು ಅದನ್ನೇ ಅಲ್ಲವೇ ಹೇಳಿದ್ದು ಎಂದೆ. ರಬ್ಬರು ಅಂದರೆ ಅವಳು ನಂಬುವುದಿಲ್ಲ, ಇನ್ನೂ ಹುಡುಕುತ್ತಾಳೆ ಎಂದರು.

“ನನ್ನ ಬೈಕೊಂಡು ಅವಳು ಬದುಕ್ತಾಳೆ. ತನ್ನನ್ನೇ ಬೈಕೊಂಡ್ರೆ ಬದುಕೋದಿಲ್ಲ. ನೀವು ಸ್ವಿಚ್ಚು ಹಾಕಿ.”

ಹಾಕಿದೆ. ದೀಪ ಆರಿತು. ಆಮೇಲೆ ಆ ಫ್ರಿಜ್ಜು ಒಂದು ದಿನವೂ ಸುಳ್ಳು ಹೇಳಲಿಲ್ಲ.

ವರ್ಷ ಕಳೆಯುವುದರೊಳಗೆ ಅವರು ತೀರ್ಥಹಳ್ಳಿಯ ಕಡೆಗೆ ವರ್ಗ ಮಾಡಿಸಿಕೊಂಡು, ತಂಗಿಯ ಮನೆಯಲ್ಲಿದ್ದು ಕೆಲಸಕ್ಕೆ ಹೋಗತೊಡಗಿದರು. ಅಲ್ಲೇ ನಿವೃತ್ತಿಯಾಯಿತು. ನಾನು ಆ ಕಡೆ ಕೆಲಸಕ್ಕೆ ಹೋದಾಗ ಒಮ್ಮೆ ಮನೆಗೆ ಹೋಗಿದ್ದೆ. ಇನ್ನೂ ಇಳಿದುಹೋಗಿದ್ದರು. ಮಂಜು ಹೇಗಿದ್ದಾನೆ ಎಂದರು. ಓದುತ್ತಿದ್ದಾನೆ ಎಂದೆ. ಪಟ್ಟಿ ಬದಲಾಯಿಸಿದ್ದಾರಾ, ಬೆಳೆಯುವ ಹುಡುಗನಿಗೆ ಹಳೇ ಪಟ್ಟಿ ಒತ್ತುತ್ತದೆ ಎಂದರು. ಬದಲಾಯಿಸಿದ್ದಾರೆ ಎಂದು ಹೇಳಿದೆ. ಅದು ನಿಜವೂ ಆಗಿತ್ತು, ನಾನೇ ಕರೆದುಕೊಂಡು ಹೋಗಿದ್ದೆ. ಗೌರಮ್ಮನ ಸುದ್ದಿ ಅವರು ಕೇಳಲಿಲ್ಲ. ಹೊರಡುವಾಗ ಮಾತ್ರ, ನೀವು ಸುಮ್ಮನಿದ್ದೀರಲ್ಲ, ಅಷ್ಟು ಸಾಕು ಎಂದು ನನ್ನ ಕೈ ಹಿಡಿದುಕೊಂಡರು. ಅವರು ಯಾವತ್ತೂ ಯಾರ ಕೈಯನ್ನೂ ಹಾಗೆ ಹಿಡಿದವರಲ್ಲ.

ಆ ಚಳಿಗಾಲದಲ್ಲೇ ಹೋದರು. ಇಗರ್ಜಿಯ ಹಿಂದಿನ ತೋಟದಲ್ಲಿ ಮಣ್ಣು ಮಾಡಿದರು. ಅವರ ಕೈಯಿಂದ ಹನಿ ಹಾಕಿಸಿಕೊಂಡ ಮಕ್ಕಳ ತಾಯಂದಿರು ಎಲ್ಲೆಲ್ಲಿಂದಲೋ ಬಸ್ಸು ಹಿಡಿದು ಬಂದಿದ್ದರು. ಗೌರಮ್ಮ ಬಂದಿರಲಿಲ್ಲ. ನಾನು ಒಂದು ಹಿಡಿ ಮಣ್ಣು ಹಾಕಿ ದೂರ ಬಂದು ನಿಂತೆ. ನಿಜ ಗೊತ್ತಿರುವವನು ಇನ್ನು ನಾನೊಬ್ಬನೇ ಎಂದು ಆಗ ಹೊಳೆದು, ಹಗಲು ಹೊತ್ತಿನಲ್ಲೇ ಭಯವಾಯಿತು.

ಕೆಲವು ದಿನ ಕಳೆದು ಗೌರಮ್ಮ ನನ್ನ ಅಂಗಡಿಗೆ ಬಂದಳು. ಸುದ್ದಿ ಅವಳಿಗೆ ತಡವಾಗಿ ತಲುಪಿತ್ತು. ಸ್ಟೂಲು ಕೊಟ್ಟರೂ ಕೂರಲಿಲ್ಲ.

“ಅಣ್ಣ, ಅವ್ರು ಹೋಗಾಯ್ತು. ಇನ್ನಾದ್ರೂ ನಿಜ ಹೇಳು. ಬಾಗ್ಲು ಬಿಟ್ಟು ಹೋಗಿದ್ದು ಅಕ್ಕೋರೇ ಹೌದಾ?”

ಸಿಸ್ಟರ್ ಮೇಲಿದ್ದ ಕಳಂಕ ತೊಳೆಯಲು ನನಗೆ ಸಿಕ್ಕಿದ್ದು ಅದೊಂದೇ ಸಂದರ್ಭ. ಎದುರಿಗಿದ್ದವಳ ಮುಖ ನೋಡಿದೆ. ಆ ಹಳೇ ನಗು ಯಾವತ್ತೋ ಹೋಗಿತ್ತು. ಆದರೂ ಅವಳು ಗಟ್ಟಿಯಾಗಿ ನಿಂತಿದ್ದಳು, ಮಗನನ್ನು ಓದಿಸುತ್ತಿದ್ದಳು, ಉಣ್ಣುತ್ತಿದ್ದಳು, ಮಲಗುತ್ತಿದ್ದಳು.

“ಹೌದು, ಅವರೇ,” ಎಂದೆ.

ಅವಳು ತಲೆಯಾಡಿಸಿದಳು. ಸೆರಗಿನ ತುದಿ ಬಾಯಿಗೊತ್ತಿಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಮಂಜ ಈಗಲೂ ಅಕ್ಕೋರೆಲ್ಲಿ ಎಂದು ಕೇಳುತ್ತಾನೆ, ಇಷ್ಟು ಸಿಟ್ಟು ಇಟ್ಟುಕೊಂಡು ನನಗೂ ಸಾಕಾಯಿತು ಎಂದಳು.

“ಆ ತೀರ್ಥಳ್ಳಿ ತಂಗಿ ಹತ್ರ ಹೋಗಿ ಹೇಳು ಅಣ್ಣ. ಅಕ್ಕೋರನ್ನ ಕ್ಷಮಿಸಿದೀನಿ ಅಂತ ಹೇಳು. ಅವ್ರ ಆತ್ಮ ತಣ್ಣಗಿರ್ಲಿ.”

ಆಗಲಿ ಎಂದೆ.

ಮಾತು ಕೊಟ್ಟ ಮೇಲೆ ಹೋಗದೆ ಇರಲಾಗಲಿಲ್ಲ. ತೀರ್ಥಹಳ್ಳಿಯ ಆ ಮನೆಯ ಜಗಲಿಯಲ್ಲಿ ಕೂತು ತಂಗಿಯವರಿಗೆ ಹೇಳಿದೆ. ಗೌರಮ್ಮ ಅಂತ ಒಬ್ಬಳು, ನಿಮ್ಮ ಅಕ್ಕನನ್ನು ಕ್ಷಮಿಸಿದ್ದಾಳಂತೆ, ಹೇಳು ಅಂದಳು ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು, ಕ್ಷಮಿಸುವಂಥದ್ದು ನನ್ನ ಅಕ್ಕ ಏನು ಮಾಡಿದ್ದಳು ಎಂದು ಕೇಳಿದರು.

“ಫ್ರಿಜ್ಜಿನ ಬಾಗಿಲು ಹಾಕಿರ್ಲಿಲ್ಲವಂತೆ.”

“ಯಾರು, ನನ್ನ ಅಕ್ಕನಾ?” ಎಂದು ಅವರು ನನ್ನನ್ನೇ ದಿಟ್ಟಿಸಿ ನೋಡಿದರು. “ಬಾಗಿಲು ಹಾಕದೆ ಬಿಡೋಳಾ ಅವಳು? ನಿಮಗೂ ಹಾಗನ್ನಿಸ್ತದಾ?”

ಹೌದಂತೆ ಎಂದು ಹೇಳಿ ಎದ್ದು ಬಂದೆ.